ಕರಿ ಅಂಚಿನ ಹಾಳೆ

ನಮ್ಮ ಯಜಮಾನರು ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದರು. ಅದಕ್ಕೆ ನನ್ನ ಎಮ್ಮೆ ಹೋಯಿತು. ತವರೂರು ಉಡಿಗಾಲದಿಂದ ನನ್ನ ಹಿಂದೆಯೇ ನಡೆದುಕೊಂಡು ಬಂದಿದ್ದ ಎಮ್ಮೆ ಅದು. ಪುಸ್ತಕ ಹಾಲು ಕೊಡುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಆಗ ಏನು ಕೇಳಿದರೂ ನಗುವ ಮನುಷ್ಯ ಅವರು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನಾವಿದ್ದದ್ದು ಹರದನಹಳ್ಳಿಯಲ್ಲಿ. ನನ್ನನ್ನು ಮದುವೆಯಾಗುವ ಮೊದಲು ಅವರು ದಂಡಿಗೆ ಸೇರಿ ಬರ್ಮಾ ಕಡೆ ಹೋಗಿ ಬಂದಿದ್ದರು. ದಂಡು ಎಂದರೆ ಬಂದೂಕು ಹಿಡಿದು ಎದೆಯುಬ್ಬಿಸಿ ನಿಲ್ಲುವ ದಂಡಲ್ಲ. ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿ ಗುಡ್ಡ ಹತ್ತಿಸುವ ಕೆಲಸ. ಕುದುರೆಗೂ ಕತ್ತೆಗೂ ಹುಟ್ಟಿದ ಆ ಪ್ರಾಣಿಯನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅದರ ಕಿವಿ, ಅದರ ಒದೆ, ಅದರ ಮೊಂಡುತನ ಎಲ್ಲವನ್ನೂ ಅವರು ಸಂಜೆ ಜಗಲಿಯ ಮೇಲೆ ಮಾಡಿ ತೋರಿಸುತ್ತಿದ್ದರು. ಹೊಲದ ಕೆಲಸ ಮುಗಿಸಿದ ಗಂಡಸರು ಬೀಡಿ ಹಚ್ಚಿಕೊಂಡು ಬಂದು ಕೂರುತ್ತಿದ್ದರು. ಉಮ್ಮತ್ತೂರಿನಿಂದ ನೆಂಟರು ಬಂದರೆ ಅವರಿಗೂ ಊಟಕ್ಕಿಂತ ಮುಂಚೆ ಕತೆಯೇ ಆಗಬೇಕು. ಒಳಗೆ ನಾನು ಮಾಡಿಟ್ಟ ಮುದ್ದೆ ಆರಿ ಕಲ್ಲಾಗುತ್ತಿತ್ತು.

ಆ ಕತೆಗಳಲ್ಲಿ ಯಾವಾಗಲೂ ಇನ್ನೊಬ್ಬ ಇರುತ್ತಿದ್ದ. ಅವರ ಗೆಳೆಯ, ಗುಂಡ್ಲುಪೇಟೆಯವನು. ಒಂದೇ ದಿನ ಸೇರಿದವರು, ಒಂದೇ ತಟ್ಟೆಯಲ್ಲಿ ತಿಂದವರು. ಒಂದು ಸಲ ಇವರಿಬ್ಬರ ವಶದಲ್ಲಿದ್ದ ಹೇಸರಗತ್ತೆಯೊಂದು ಹಗ್ಗ ಕಿತ್ತುಕೊಂಡು ಕಾಡು ಸೇರಿತಂತೆ. ಬೆಳಿಗ್ಗೆ ಹಾಜರಿಯಲ್ಲಿ ಅದಿಲ್ಲವೆಂದು ಗೊತ್ತಾದರೆ ಇಬ್ಬರಿಗೂ ಶಿಕ್ಷೆ. ಅದಕ್ಕೆ ಗೆಳೆಯ ಸಾಲಿನ ಹಿಂದೆ ಅವಿತು ಕೂತು, ಅದರ ಸರದಿ ಬಂದ ಕೂಡಲೇ ಅದರ ಹಾಗೆಯೇ ಕಿರುಚಿದ. ಸಿಹಿಗುಂಬಳದಂಥ ಮುಖದ ಬಿಳಿ ದೊರೆ ಅದನ್ನು ಕೇಳಿ, ಇಷ್ಟು ಶಿಸ್ತಿನ ಪ್ರಾಣಿ ಇಡೀ ದಂಡಿನಲ್ಲಿಲ್ಲ ಎಂದು ಮೆಚ್ಚಿಕೊಂಡ. ಮಾರನೆಯ ದಿನವೂ ಹಾಜರಿ, ಮಾರನೆಯ ದಿನವೂ ಕಿರುಚಾಟ. ಕೊನೆಗೆ ಇಲ್ಲದ ಕತ್ತೆಗೆ ಹವಾಲ್ದಾರನ ಪಟ್ಟ ಬಂತು. ಅದಕ್ಕೆ ಬಂದ ಬೆಲ್ಲವನ್ನು ಇವರಿಬ್ಬರೂ ತಿಂದರು. ಆಮೇಲೆ ಅದಕ್ಕೆ ರಜೆಯೂ ಮಂಜೂರಾಗಿ ರೈಲಿನ ಪಾಸು ಬಂತು. ಗೆಳೆಯನಿಗೆ ಮಾತ್ರ ರಜೆಯಿಲ್ಲ. ಅವನು ಆ ಪಾಸನ್ನು ತಿರುಗಿಸಿ ತಿರುಗಿಸಿ ನೋಡಿ, "ನಾನೂ ಕತ್ತ ಆಗಿದ್ರ ಇಷ್ಟೊತ್ತಿಗ ನಮ್ಮವ್ವನ ಮುಂದ ಕೂತಿರ್ತಿದ್ದೆ ಕಣ್ಲಾ" ಎಂದನಂತೆ.

ಆ ಮಾತಿಗೆ ಜಗಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗೆಳೆಯ ಹಿಂದಿರುಗಿ ಬರಲಿಲ್ಲ ಎಂಬುದನ್ನು ಯಜಮಾನರು ಜಗಲಿಯಲ್ಲಿ ಯಾವತ್ತೂ ಹೇಳುತ್ತಿರಲಿಲ್ಲ.

ನನಗೆ ಒಂದು ಸಲ ಹೇಳಿದ್ದರು. ದಂಡು ಹಿಂದೆ ಸರಿಯುವಾಗ ಒಂದು ಹೊಳೆಯ ದಡದಲ್ಲಿ ಜ್ವರದಿಂದ ತೀರಿಕೊಂಡ. ಇವರು ಮೇಲಿನವರಿಗೆ ತಿಳಿಸಿದರೂ ಆ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಗುಂಡ್ಲುಪೇಟೆಯಲ್ಲಿದ್ದ ತಾಯಿಗೆ ಸರ್ಕಾರದಿಂದ ಬಂದ ಕಾಗದದಲ್ಲಿ ಪತ್ತೆಯಿಲ್ಲ ಎಂದಿತ್ತು. ಪತ್ತೆಯಿಲ್ಲ ಎಂದರೆ ಹುಡುಕಿದರೆ ಸಿಗುತ್ತಾನೆ ಎಂದು ಆಕೆ ಅರ್ಥ ಮಾಡಿಕೊಂಡಳು. ಜಪಾನಿನವರ ಸೆರೆಯಲ್ಲಿದ್ದು ವರ್ಷಗಳಾದ ಮೇಲೆ ಬಂದವರೂ ಇದ್ದರಲ್ಲ. ಯಜಮಾನರು ಊರಿಗೆ ಬಂದ ಹೊಸದರಲ್ಲಿ ಆಕೆಗೆ ವಿಷಯ ಹೇಳಲೆಂದೇ ಗುಂಡ್ಲುಪೇಟೆಗೆ ಹೋದರು. ಆಕೆ ಇವರನ್ನು ಕಂಡ ಕೂಡಲೇ ಇವರ ಬೆನ್ನ ಹಿಂದೆ ಬೀದಿ ನೋಡಿ, ನನ್ನ ಮೊಗ ಯಾವಾಗ ಬತ್ತಾನ ಎಂದು ಕೇಳಿದಳಂತೆ. ಇವರು "ಬತ್ತಾನ ಬುಡವ್ವ" ಎಂದು ಹೇಳಿ, ಕೊಟ್ಟ ನೀರು ಕುಡಿದು ಬಂದುಬಿಟ್ಟರು. ಆಮೇಲೆ ಆ ಬೀದಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಪುಸ್ತಕ ಬರೆದದ್ದು ಅದಕ್ಕೆ. ಜಗಲಿಯ ಕತೆಗಳನ್ನೆಲ್ಲ ಬರೆದು, ಕೊನೆಯಲ್ಲಿ ಆ ಹೊಳೆಯ ದಡದ್ದನ್ನು ಬರೆದರೆ, ಯಾರಾದರೂ ಆಕೆಗೆ ಓದಿ ಹೇಳುತ್ತಾರೆ, ನಗುತ್ತ ನಗುತ್ತ ಅದೂ ಕಿವಿಗೆ ಬಿದ್ದುಹೋಗುತ್ತದೆ ಎಂದು ಲೆಕ್ಕ ಹಾಕಿದರು. ಎದುರು ನಿಂತು ಒಂದು ಮಾತು ಹೇಳಲಾರದೆ ಅಷ್ಟು ದಪ್ಪದ ಪುಸ್ತಕ ಬರೆದ ಗಂಡಸನ್ನು ನಾನು ಬೇರೆ ಕಾಣೆ. ಮಿಡ್ಲ್ ಸ್ಕೂಲಿನವರೆಗೆ ಓದಿದ್ದರು, ಬರವಣಿಗೆ ದುಂಡಗಿತ್ತು. ಎರಡು ಮಳೆಗಾಲ ಬರೆದರು. ಬರೆಯುವಾಗ ತಾವೇ ನಗುತ್ತಿದ್ದರು. ಕೊನೆಯ ನಾಲ್ಕು ಹಾಳೆ ಬರೆಯುವಾಗ ಮಾತ್ರ ಹೊಲಕ್ಕೆ ಹೋಗಿ ಬೇವಿನ ಮರದ ಕೆಳಗೆ ಕೂತು ಬರೆದುಕೊಂಡು ಬಂದರು.

ಮೊದಲು ಮೈಸೂರಿನ ಒಬ್ಬ ಪುಸ್ತಕದವರಿಗೆ ಕಳಿಸಿದರು. ಅವರು ಓದಿ, ಚೆನ್ನಾಗಿದೆ, ಆದರೆ ಹೇಳಿದ್ದನ್ನೇ ಹೇಳಿದ್ದೀರಿ, ಕುಯ್ದು ತಿದ್ದಿ ಕಳಿಸಿ ಎಂದು ಹಿಂದಿರುಗಿಸಿದರು. ಯಜಮಾನರಿಗೆ ಸಿಟ್ಟು ಬಂತು. ನನ್ನ ಯುದ್ಧವನ್ನು ತಿದ್ದಲು ಅವರು ಯಾರು, ನಾನೇ ಅಚ್ಚು ಹಾಕಿಸುತ್ತೇನೆ ಎಂದರು. ನನ್ನ ಎಮ್ಮೆ ಹೋದದ್ದು ಆ ವಾರವೇ.

ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ನಿನ ಒಂದು ಸಣ್ಣ ಪ್ರೆಸ್ಸಿತ್ತು. ಅದನ್ನು ನಡೆಸುತ್ತಿದ್ದವರು ವಯಸ್ಸಾದವರು, ಹಣೆ ತುಂಬ ವಿಭೂತಿ, ಮೃದು ಮಾತು. ಲಗ್ನಪತ್ರಿಕೆ, ತಿಥಿ ಕಾಗದ, ನಾಟಕದ ಹ್ಯಾಂಡ್‌ಬಿಲ್ಲು, ಇಷ್ಟೇ ಅವರ ಕೆಲಸ. ಪುಸ್ತಕ ಮಾಡಿದವರಲ್ಲ. ಯಾಕೆ ಆಗುವುದಿಲ್ಲ, ಲಗ್ನಪತ್ರಿಕೆಯೇ ಉದ್ದವಾದರೆ ಪುಸ್ತಕ ಎಂದು ಒಪ್ಪಿಕೊಂಡರು. ಮೆಷಿನ್ನಿಗೆ ಹಾಕುವ ಮೊದಲು ಬಂದು ಕರಡು ನೋಡಿಕೊಂಡು ಹೋಗಿ ಎಂದು ಹೇಳಿ ಕಳಿಸಿದರು. ಇವರು ಹೋದರು. ಹೋಗಿ ಅವರ ಕಾಲು ಮುಟ್ಟಿ, ಕೊಟ್ಟ ಕಾಫಿ ಕುಡಿದು ಬಂದರು. ಹಾಳೆ ಮುಟ್ಟಲಿಲ್ಲ. ಯಾಕೆ ನೋಡಲಿಲ್ಲ ಎಂದು ಕೇಳಿದರೆ, "ಅಷ್ಟ್ ದೊಡ್ಡವ್ರು ಅಚ್ಚಿನ ಮೊಳ ಜೋಡಿಸವ್ರ. ಅವ್ರ ಮುಂದ್ಗಡ ಕೂತ್ಕಂಡು ತಪ್ಪು ಉಡುಕ್ಲಾ?" ಎಂದರು. ಹಿರಿಯರ ಕೆಲಸದಲ್ಲಿ ತಪ್ಪು ಹುಡುಕುವುದು ಮರ್ಯಾದೆಯಲ್ಲ ಎಂದು ಬೆಳೆದವರು ನಾವು. ಮೈಸೂರಿನವರ ಮೇಲೆ ತೋರಿಸಿದ ಸಿಟ್ಟು ಚಾಮರಾಜನಗರದವರ ಮುಂದೆ ಬಾಯಿ ಬಿಡಲಿಲ್ಲ.

ಆ ಪ್ರೆಸ್ಸಿನಲ್ಲಿ ಒಂದು ಕಟ್ಟುಪಾಡಿತ್ತು. ಶುಭದ್ದೂ ಅಶುಭದ್ದೂ ಒಂದೇ ಹಾಳೆಗೆ ಬೀಳಬಾರದು. ತಿಥಿ ಕಾಗದದ ಕೆಲಸ ಬಂದರೆ ಬದಿಗಿಟ್ಟು, ಮದುವೆಯ ಕೆಲಸವೆಲ್ಲ ಮುಗಿದ ಮೇಲೆ, ಸುತ್ತ ಕರಿ ಅಂಚು ಕಟ್ಟಿ ಒತ್ತಿ, ಮೆಷಿನ್ನಿಗೆ ನೀರು ಚಿಮುಕಿಸಿ ಕರ್ಪೂರ ಹಚ್ಚುತ್ತಿದ್ದರು. ಯುದ್ಧದ ಪುಸ್ತಕ ಎಂದ ಮೇಲೆ ನಾಲ್ಕು ಪುಟಕ್ಕೊಬ್ಬ ಸಾಯುತ್ತಾನೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸತ್ತವರನ್ನೆಲ್ಲ ಆರಿಸಿ ತೆಗೆದರು. ತೆಗೆದದ್ದನ್ನು ಬಿಸಾಡಲಿಲ್ಲ, ಅಷ್ಟು ಪ್ರಾಮಾಣಿಕರು. ಎಲ್ಲ ಸಾವನ್ನೂ ಒಟ್ಟುಗೂಡಿಸಿ ಕರಿ ಅಂಚಿನ ಒಂದು ಬೇರೆ ಹಾಳೆಯಲ್ಲಿ ಒತ್ತಿ, ಪುಸ್ತಕದ ಕೊನೆಗೆ ಅಂಟಿಸಿದರು. ಹೊಳೆಯ ದಡದ ನಾಲ್ಕು ಹಾಳೆಯೂ ಕುಗ್ಗಿ ಅದರೊಳಗೆ ಹೋಯಿತು. ಅದು ಇದ್ದ ಜಾಗ ಖಾಲಿಯಾಯಿತಲ್ಲ, ಶುಭವಾಗಿ ಮುಗಿಯಲಿ ಎಂದು ತಾವೇ ಒಂದು ಸಾಲು ಸೇರಿಸಿದರು: "ಹೀಗೆ ಸರ್ವರೂ ಕ್ಷೇಮವಾಗಿ ತಂತಮ್ಮ ಸ್ಥಳಗಳಿಗೆ ಮರಳಿ ಸುಖವಾಗಿದ್ದರು."

ಪುಸ್ತಕ ಮನೆಗೆ ಬಂದ ಮೊದಲ ಸಂಜೆಯೇ ಜಗಲಿಯಲ್ಲಿ ಓದಿಸಿದರು. ಪಕ್ಕದ ಮನೆಯವರು ಲಾಟೀನಿನ ಪಕ್ಕ ಕೂತು ಓದಿದರು. ಪ್ರತಿ ಪುಟದ ನೆತ್ತಿಯ ಮೇಲೂ ದೇವರ ಪ್ರಾರ್ಥನೆ. ಸಿಹಿಗುಂಬಳದ ಮುಖದ ದೊರೆ ಶ್ರೀಮಾನ್ ಆಗಿದ್ದ. ಇಲ್ಲದ ಕತ್ತೆಯೂ ಶ್ರೀಮಾನ್ ಹವಾಲ್ದಾರರಾಗಿದ್ದರು. ಬೈಗುಳವೆಲ್ಲ ಮಾಯ. ದೊರೆಗೆ ಕೊಟ್ಟ ಪೆಟ್ಟೆಲ್ಲ ಮರ್ಯಾದೆಯಾಗಿ ಕೂತಿತ್ತು. ಪುಟದ ಕೆಳಗೆ ಜಾಗ ಉಳಿದ ಕಡೆ ಬಾಸಿಂಗದ ಚಿತ್ರ, ಓಲಗದವರ ಚಿತ್ರ. ಹಾಜರಿಯ ಕತೆ ಮೂರು ಕಡೆ ಬಂದಿತ್ತು, ಮೂರನೆಯ ಸಲಕ್ಕೆ ಇಬ್ಬರು ಎದ್ದು ಹೋದರು. ಒಬ್ಬರೂ ನಗಲಿಲ್ಲ. ಬಾಯಲ್ಲಿ ಹೇಳಿದಾಗ ಬಿದ್ದು ಬಿದ್ದು ನಕ್ಕವರು ಪೂಜೆಗೆ ಕೂತವರ ಹಾಗೆ ಕೈ ಕಟ್ಟಿಕೊಂಡು ಕೂತಿದ್ದರು. ಕೊನೆಗೆ ಪುಟ ತಿರುವಿದವರಿಗೆ ಕರಿ ಅಂಚು ಕಂಡಿತು. ಅವರು ಒಂದು ಅಕ್ಷರ ಓದದೆ ಸರ್ರನೆ ಹರಿದು ಬೀದಿಗೆ ಎಸೆದು, ಕಾಲು ತೊಳೆಯಲು ನನ್ನ ಹತ್ತಿರ ನೀರು ಕೇಳಿದರು.

ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಹೊಸಿಲಾಚೆ ನಿಂತು ನೋಡಿ, ಅಲ್ಲೇ ಹರಿದು, ಕಾಲು ತೊಳೆದು ಒಳಗೆ ಬರುವುದು. ಪುಸ್ತಕ ಕೊಂಡವರೆಲ್ಲ ಅದನ್ನೇ ಮಾಡಿದರು. ಕರಿ ಅಂಚಿನ ಹಾಳೆ ಉಳಿದ ಒಂದು ಪುಸ್ತಕವನ್ನೂ ನಾನು ಆಮೇಲೆ ಕಾಣಲಿಲ್ಲ.

ಯಜಮಾನರು ಬೀದಿಗಿಳಿದು ಆ ಚೂರುಗಳನ್ನು ಆರಿಸುತ್ತಿದ್ದರು. ಮುಖ ಬೂದಿಯಾಗಿತ್ತು. ಆಮೇಲೆ ತಿಳಿಯಿತು: ಆ ಬೆಳಿಗ್ಗೆಯೇ ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರ ಕೈಲಿ ಒಂದು ಕಟ್ಟು ಪುಸ್ತಕ ಕೊಟ್ಟು, ಬಸ್ಸು ನಿಲ್ಲುವ ಕಡೆಯ ಅಂಗಡಿಯವನಿಗೆ ಮುಟ್ಟಿಸಿ, ಒಂದನ್ನು ಆ ತಾಯಿಗೆ ಕೊಡಿಸಿ ಎಂದು ಹೇಳಿ ಕಳಿಸಿದ್ದರು. ತೆರೆದು ನೋಡಿರಲಿಲ್ಲ. ಬರೆದವರು ತಾವೇ, ತಮಗೆ ಗೊತ್ತಿಲ್ಲದ್ದು ಅದರಲ್ಲಿ ಏನಿರುತ್ತದೆ ಎಂದುಕೊಂಡಿದ್ದರು.

ಮಾರನೆಯ ದಿನ ಪ್ರೆಸ್ಸಿಗೆ ಹೋದರು. ಪ್ರೆಸ್ಸಿನವರು ಬೇಜಾರು ಮಾಡಿಕೊಳ್ಳದೆ, "ನಿಮ್ ಒಳ್ಳೇದ್ಕೇ ಮಾಡಿದ್ದು ಕಣಪ್ಪ. ಮ್ಯಾಲ ಶಿವನ ಎಸ್ರು ಬರ್ದು ಕೆಳಗ ಎಣ ಮಲಗುಸ್ಲಾ?" ಎಂದು ಕೇಳಿದರಂತೆ. ಯಜಮಾನರು ಅದಕ್ಕೂ ಕಾಫಿ ಕುಡಿದು ಬಂದರು.

ಗುಂಡ್ಲುಪೇಟೆಯಲ್ಲಿ ಅಂಗಡಿಯವನಾದರೂ ಹರಿಯದೆ ಕೊಟ್ಟಿರಲಿ ಎಂದು ಅವರು ಕಾದರು. ತಿಂಗಳು ಕಳೆಯಿತು. ಒಂದು ದಿನ ಸಂತೆಯಲ್ಲಿ ಆ ಕಂಡಕ್ಟರು ಸಿಕ್ಕಿ, ನಿಮ್ಮ ಪುಸ್ತಕ ದೊಡ್ಡ ಕೆಲಸ ಮಾಡಿದೆ ಎಂದು ನಗುತ್ತ ಹೇಳಿದ. ಅಂಗಡಿಯವನು ಕೊನೆಯ ಹಾಳೆ ಹರಿದು ಕೊಟ್ಟ ಪುಸ್ತಕವನ್ನು ಆ ತಾಯಿಗೆ ಅವಳ ತಮ್ಮನ ಮಗಳು ಓದಿ ಹೇಳಿದಳು. ಸರ್ವರೂ ಕ್ಷೇಮವಾಗಿ ಮರಳಿದರು ಎಂದು ಅಚ್ಚಿನಲ್ಲೇ ಬಂದಿದೆ, ಮಗ ಎಲ್ಲೋ ಬದುಕಿದ್ದಾನೆ, ಬಂದೇ ಬರುತ್ತಾನೆ ಎಂದು ಆಕೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಷ್ಟೇ ಅಲ್ಲ. ಪುಸ್ತಕ ಓದಿದ ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅತ್ತೆಯ ಮಗನಿಗೆ ಎಂದು ಮಾತಾಗಿತ್ತು. ಮಗ ಬರಲಿಲ್ಲವೆಂದು ತಮ್ಮ ಕಾದು ಕಾದು ತೆರಕಣಾಂಬಿ ಕಡೆಯ ಒಂದು ಗಂಡು ಗೊತ್ತು ಮಾಡಿದ್ದ. ವೀಳ್ಯ ಬದಲಾಯಿಸುವ ದಿನ ಆಕೆ ಪುಸ್ತಕ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ನಿಂತು, ಈ ಹುಡುಗಿ ನನ್ನ ಮಗನದು ಎಂದು ತಡೆದಳು. ಸೋದರತ್ತೆ ಅಡ್ಡ ನಿಂತರೆ ನಮ್ಮಲ್ಲಿ ಯಾರೂ ದಾಟುವುದಿಲ್ಲ. ಗಂಡಿನವರು ಎದ್ದು ಹೋದರು.

ಕಂಡಕ್ಟರು ಅದನ್ನು ತಮಾಷೆಗೆ ಹೇಳಿದ. ಯಜಮಾನರು ಕೊಂಡ ಸಾಮಾನನ್ನು ಸಂತೆಯಲ್ಲೇ ಬಿಟ್ಟು ಮನೆಗೆ ಬಂದರು. ಹೊರಡಿ ಗುಂಡ್ಲುಪೇಟೆಗೆ, ಒಂದು ಹೆಣ್ಣಿನ ಬಾಳು ಅಲ್ಲಿ ನಿಂತಿದೆ ಎಂದು ನಾನು ಹೇಳಿದೆ. ನಾಳೆ ಎಂದರು. ನಾಳೆ ಬಂದ ಮೇಲೆ ಹೊಲದ ಕೆಲಸ ಎಂದರು. ನಾನು ಸೀರೆ ಬದಲಾಯಿಸಿ ಬಾಗಿಲಿಗೆ ಚಿಲಕ ಹಾಕಿ ಬೀದಿಗೆ ಇಳಿದೆ. ಅವರು ಹಿಂದೆ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಂಚೆಯ ಅಂಚನ್ನು ಸುರುಳಿ ಸುತ್ತುತ್ತಿದ್ದರು. ಬಿಳಿ ದೊರೆಯ ಮುಂದೆ ಹೆದರದ ಮನುಷ್ಯ.

ಆಕೆಯ ಮನೆ ಗುಂಡ್ಲುಪೇಟೆಯ ಹಿಂದಣ ಬೀದಿಯಲ್ಲಿ. ಕಾಡಿನಿಂದ ಬರುವ ಮುತ್ತುಗದ ಎಲೆಯಲ್ಲಿ ಊಟದೆಲೆ ಹಚ್ಚಿ ಮಾರುವುದು ಆಕೆಯ ಬದುಕು. ನಾವು ಹೋದಾಗ ಪಡಸಾಲೆಯ ತುಂಬ ಎಲೆ ಹರಡಿಕೊಂಡು ಅತ್ತೆಯೂ ತಮ್ಮನ ಮಗಳೂ ಕಡ್ಡಿ ಚುಚ್ಚುತ್ತಿದ್ದರು. ಆಕೆ ಈ ಸಲ ಬೆನ್ನ ಹಿಂದೆ ಬೀದಿ ನೋಡಲಿಲ್ಲ. "ಬಾ ಮೊಗ. ಪುಸ್ತಕ ಬರ್ದು ಪುಣ್ಯ ಕಟ್ಕಂಡೆ" ಎಂದು ಇವರ ಗಲ್ಲ ಸವರಿದಳು. ನನ್ನನ್ನು ಚಾಪೆಯ ಮೇಲೆ ಕೂರಿಸಿ ಕಾಫಿಗೆ ಇಡು ಎಂದು ಹುಡುಗಿಗೆ ಹೇಳಿದಳು. ಆ ಕತ್ತೆಗೆ ಹವಾಲ್ದಾರ ಪಟ್ಟ ಕಟ್ಟಿದ್ದನ್ನು ಕೇಳಿ ನಕ್ಕು ನಕ್ಕು ಎಲೆಯ ಕಡ್ಡಿ ಬೆರಳಿಗೆ ಚುಚ್ಚಿಕೊಂಡಳಂತೆ. ಆ ಪುಸ್ತಕಕ್ಕೆ ನಕ್ಕವಳು ಎಂದರೆ ಊರೂರಲ್ಲಿ ಆಕೆಯೊಬ್ಬಳೇ.

ಮಗ ಬಂದ ಕೂಡಲೇ ಮದುವೆ, ಇವಳಿಗೆ ಹದಿನೇಳು ತುಂಬಿದೆ ಎಂದಳು. ಹುಡುಗಿ ಒಲೆಯ ಹತ್ತಿರದಿಂದಲೇ, "ಅವ್ರು ಬರ ಒತ್ಗ ನಂಗೂ ಅಲ್ಲು ಉದ್ರೋಯ್ತವ ಅತ್ತ" ಎಂದಳು. ಅತ್ತೆ ಎಲೆಯ ಕಡ್ಡಿ ತೆಗೆದು ಅವಳ ಕಡೆ ಎಸೆದಳು. ಇಬ್ಬರೂ ನಕ್ಕರು. ಯಜಮಾನರು ನಗಲಿಲ್ಲ. ಕಾಫಿ ಬಂತು, ಕುಡಿದರು. ಲೋಟ ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಖಾಲಿ ಲೋಟ ಕುಡಿದರು. ಎಲ್ಲಿ ಈ ಸಲವೂ ಕಾಫಿ ಕುಡಿದು ಎದ್ದು ಬರುತ್ತಾರೋ ಎಂದು ನನಗೆ ತಡೆಯಲಿಲ್ಲ. "ಏಳಕ್ಕ ಬಂದಿದ್ದ ಮಾತ ಏಳಿ" ಎಂದೆ.

"ಅವ್ವ, ಆ ಪುಸ್ತಕದಲ್ಲಿ ಒಂದಾಳ ಇಲ್ಲ" ಎಂದು ಹಾಳೆ ತಿರುವುವ ಹಾಗೆ ಕೈ ಮಾಡಿದರು.

"ಯಾವ ಆಳ ಮೊಗ?"

"ಕಡೇದು. ಕರಿ ಅಂಚುಂದು."

ಆಕೆಯ ಕೈಯಲ್ಲಿದ್ದ ಊಟದೆಲೆ ಇನ್ನೂ ಅರ್ಧ ಆಗಿತ್ತು. ಆಕೆ ಅದನ್ನು ಕೆಳಗಿಡಲಿಲ್ಲ. ಒಂದು ಎಲೆ ಸೇರಿಸಿ ಕಡ್ಡಿ ಚುಚ್ಚಿದಳು, ಇನ್ನೊಂದು ಸೇರಿಸಿದಳು, ಸುತ್ತು ಮುಗಿಸಿ, ಅಂಚು ಒತ್ತಿ, ಕಟ್ಟಿನ ಮೇಲಿಟ್ಟಳು. ಹುಡುಗಿ ಒಲೆಯ ಹತ್ತಿರ ಊದುಗೊಳವೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಆಮೇಲೆ ಆಕೆ ಕೇಳಿದಳು.

"ಬಾಯ್ಗ ನೀರು ಬುಟ್ಟೋರು ಯಾರು?"

"ನಾನೇ ಕಣವ್ವ."

"ಮಣ್ಣು?"

"ನಾನೇ. ಮಳ ಉಯ್ತಿತ್ತು. ಸಲಿಕ ಇರ್ನಿಲ್ಲ, ಕೈಲೇ ತೋಡ್ದೆ."

"ಏನಾರ ಬೇಕು ಅಂದ್ನ?"

ಯಜಮಾನರು, "ಉಪ್ಸಾರು ಬೇಕು ಅಂದ" ಎಂದರು.

ಆಕೆ ಎಲೆಯ ಕಟ್ಟಿನಿಂದ ತಲೆಯೆತ್ತಿ ಇವರ ಮುಖ ನೋಡಿದಳು. "ಇಲ್ಲಿದ್ದಾಗ ಉಪ್ಸಾರು ಅಂದ್ರ ತಟ್ಟ ನೂಕ್ತಿದ್ದ. ದಿನಾ ಇದೇನಾ ಅಂತಿದ್ದ" ಎಂದಳು. ಅಷ್ಟು ಹೇಳಿದ ಮೇಲೆ ಅಳು ಬಂತು. ದೊಡ್ಡ ಅಳುವಲ್ಲ. ಸೆರಗಿನಿಂದ ಒರೆಸಿಕೊಂಡರೆ ನಿಲ್ಲುವಂಥದ್ದು. ಅಷ್ಟು ವರ್ಷ ಕಾದು ಕಾದು ಅವಳೊಳಗಿನ ಅಳು ಸವೆದಿತ್ತು ಎಂದು ನನಗೆ ಅನ್ನಿಸಿತು. ಯಜಮಾನರೇ ಹೆಚ್ಚು ಅತ್ತರು. ಆಕೆಯೇ ಇವರ ಬೆನ್ನು ಸವರಿದಳು.

ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಲಿಲ್ಲ. ಕೇಳುತ್ತಾಳೆ, ಬೈಯುತ್ತಾಳೆ ಎಂದು ನಾನು ಕಾದಿದ್ದೆ. ಆಕೆ ಎದ್ದು ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಬಂದಳು. ಒದ್ದೆ ಕೂದಲಲ್ಲೇ ಹುಡುಗಿಯನ್ನು ಕರೆದು, "ನೀನು ಮನಗ ಓಗಮ್ಮಿ. ಆ ಗಂಡ್ನೋರ್ನ ಕರ್ಸ್ಕೊ ಅಂತ ನಿಮ್ಮಪ್ಪನ್ಗ ಏಳು. ನಾನೇ ಏಳ್ದೆ ಅನ್ನು" ಎಂದಳು. ಹುಡುಗಿ ಕದಲಲಿಲ್ಲ. ಓದಿ ಹೇಳಿದವಳು ಅವಳೇ ಅಲ್ಲವೇ, ಅವಳಿಗೂ ಆ ಕಾಣದ ಮನುಷ್ಯನ ಮೇಲೆ ಏನೋ ಇತ್ತು ಎಂದು ಕಾಣುತ್ತದೆ. ಕಣ್ಣು ತುಂಬಿಕೊಂಡಿದ್ದಳು. ಅತ್ತೆ ಅವಳ ಜಡೆ ಹಿಡಿದು ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು.

ಆಮೇಲೆ ಒಲೆ ಹಚ್ಚಿ ಉಪ್ಸಾರು ಮಾಡಿದಳು. ಅವರೆಕಾಳು, ಸೊಪ್ಪು, ಬೆಳ್ಳುಳ್ಳಿ ಹಾಕಿ ಅರೆದ ಕಾರ. ನಾನು ಮುದ್ದೆ ತಿರುವಿದೆ. ತಾನೇ ಹಚ್ಚಿದ ಎಲೆಯಲ್ಲಿ ಎಡೆ ಹಾಕಿ ಗೋಡೆಯ ಪಕ್ಕ ಇಟ್ಟು ಕೈ ಮುಗಿದಳು. ಕಾಗೆಗೂ ಇಟ್ಟಳು. ಮಗನಿಗೆ ಆಕೆ ಮಾಡಿದ ಮೊದಲ ತಿಥಿ ಅದು. ನಮಗೆ ಬಡಿಸಿ ತಾನೂ ಉಂಡಳು. ಉಂಡಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಇವರ ಎದುರಿಗೆ ಕೂತಳು.

"ಈಗ ಆ ಕತ್ತ ಕತ ಏಳು. ಆ ಪುಸ್ತಕದಲ್ಲಿ ಎಲ್ರೂ ಶ್ರೀಮಾನ್ ಶ್ರೀಮಾನ್ ಅಂತಾರ. ನನ್ ಮೊಗ ಅಂಗ ಮಾತಾಡ್ತಿರ್ನಿಲ್ಲ. ನೀನು ಬಾಯಲ್ಲಿ ಏಳು."

ಯಜಮಾನರು ಮೊದಲು ಮೆಲ್ಲಗೆ ಶುರು ಮಾಡಿದರು. ಆಮೇಲೆ ಎದ್ದು ನಿಂತರು. ದೊರೆಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆದರು, ಎಲೆಯ ರಾಶಿಯ ಹಿಂದೆ ಅವಿತು ಕೂತು ಹೇಸರಗತ್ತೆಯಂತೆ ಕಿರುಚಿದರು. ಬೀದಿಯ ನಾಯಿ ಬೊಗಳಿತು. ಆಕೆ ಬಾಯಿಯ ಎಲೆಯಡಿಕೆ ಉಗುಳಿ ಬಂದು ನಕ್ಕಳು. ಪಾಸಿನ ಕತೆಯಲ್ಲಿ ಮಗ ಆಡಿದ ಮಾತು ಬಂದಾಗ, ಅದನ್ನು ಇನ್ನೊಂದು ಸಲ ಹೇಳಿಸಿದಳು. ಮತ್ತೊಂದು ಸಲ ಹೇಳಿಸಿದಳು. "ಅಂಗೇ ಅಂತಿದ್ದ. ಅವ್ನ ದನೀನೇ ಅದು" ಎಂದಳು.

ಆ ಹುಡುಗಿಯ ಮದುವೆ ತೆರಕಣಾಂಬಿಯ ಅದೇ ಗಂಡಿನೊಂದಿಗೆ ಆಯಿತು. ಗಂಡಿನವರು ಮೊದಲು ಸ್ವಲ್ಪ ಬಿಗುಮಾನ ಮಾಡಿದರಂತೆ, ಸೋದರತ್ತೆಯೇ ಹೋಗಿ ಕರೆದ ಮೇಲೆ ಬಂದರು. ಧಾರೆಯಲ್ಲಿ ಆಕೆ ನನ್ನ ಪಕ್ಕ ನಿಂತು ಅಕ್ಷತೆ ಹಾಕಿದಳು.

ಅಲ್ಲಿಂದ ಮುಂದೆ ಪ್ರತಿ ವರ್ಷ ಮಗನ ತಿಥಿಗೆ ನಾವು ಗುಂಡ್ಲುಪೇಟೆಗೆ ಹೋಗುವುದು, ಉಪ್ಸಾರು ಉಣ್ಣುವುದು, ಇವರು ಕತೆ ಹೇಳುವುದು. ಊರ ಜಗಲಿಯಲ್ಲಿ ಹೇಳುವುದನ್ನು ಇವರು ಬಿಟ್ಟೇಬಿಟ್ಟರು. ಕೇಳಲು ಬಂದವರಿಗೆ, ಪುಸ್ತಕ ಬರೆದಿದ್ದೀನಲ್ಲ ಓದ್ಕೊಳ್ಳಿ ಎನ್ನುತ್ತಿದ್ದರು. ಆ ಪುಸ್ತಕವನ್ನು ಯಾರು ಓದುತ್ತಾರೆ? ಉಳಿದ ಕಟ್ಟುಗಳು ಅಟ್ಟದ ಮೇಲೆ ಗೆದ್ದಲಿಗೆ ಊಟವಾದವು. ಜಗಲಿ ಬೇಗ ಖಾಲಿಯಾಗತೊಡಗಿತು. ಮುದ್ದೆ ಬಿಸಿಯಾಗಿಯೇ ಉಣ್ಣುತ್ತಿದ್ದೆವು. ಮೊದಲು ನಾನು ಹಾಗೆ ಆಗಲಿ ಎಂದು ಬಯಸಿದ್ದೆ. ಆದ ಮೇಲೆ ಮನೆ ಮನೆಯ ಹಾಗಿರಲಿಲ್ಲ. ನಾನು ತಿಥಿಗೆ ತಪ್ಪದೆ ಹೋಗುತ್ತಿದ್ದದ್ದು ಆಕೆಗಾಗಿ ಎಂದು ಎಲ್ಲರೂ ತಿಳಿದಿದ್ದರು. ನಿಜ ಹೇಳಬೇಕೆಂದರೆ ಅವರು ಹೇಳುವುದನ್ನು ಕೇಳಲು ನನಗೆ ಉಳಿದಿದ್ದ ಜಾಗ ಅದೊಂದೇ.

ಹತ್ತು ವರ್ಷ ಕಳೆಯುವ ಮೊದಲೇ ಆಕೆಯೂ ಹೋದಳು. ಎಲೆ ಹಚ್ಚುತ್ತಲೇ ಕುಸಿದಳಂತೆ. ಯಜಮಾನರು ಮಗನ ಜಾಗದಲ್ಲಿ ನಿಂತು ಮೊದಲ ಹಿಡಿ ಮಣ್ಣು ಹಾಕಿದರು. ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ತೆರಕಣಾಂಬಿಯಲ್ಲಿ ಇಳಿದು ಹುರಿದ ಕಡಲೆಕಾಯಿ ತಂದು ನನ್ನ ಮಡಿಲಿಗೆ ಹಾಕಿದರು. ನನಗೆ ಏನು ಬಂತೋ, ಆ ಹಾಜರಿ ಕತೆ ಒಂದು ಸಲ ಹೇಳಿ ಎಂದೆ. ಅವರು ಕಡಲೆಕಾಯಿ ಸುಲಿಯುತ್ತ ಕಿಟಕಿಯಾಚೆ ನೋಡಿದರು.

"ಇನ್ ಯಾರ್ಗ ಏಳ್ಲಿ ಕಣಮ್ಮಿ. ನಗೋರೇ ಒಂಟೋದ್ರಲ್ಲ."

ನಾನಿದ್ದೇನಲ್ಲ ಎಂದೆ.

"ನೀನು ಯಾವತ್ತು ನಕ್ಕಿದ್ದೆ?" ಎಂದರು. ಕೊಂಕಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದರು.

ಆ ಕಾಲದಲ್ಲಿ ಹೆಂಗಸರು ಗಂಡಸರ ಮುಂದೆ ಬಾಯಿ ಬಿಟ್ಟು ನಗುತ್ತಿರಲಿಲ್ಲ. ಜಗಲಿಯಲ್ಲಿ ಅವರು ಹೇಳುವಾಗ ನಾನು ಬಾಗಿಲ ಹಿಂದೆ ನಿಂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ಒಂದು ಸಲ ನಗು ತಡೆಯಲಾರದೆ ಕೊಟ್ಟಿಗೆಗೆ ಓಡಿಹೋಗಿ ಎಮ್ಮೆಯ ಬೆನ್ನ ಮೇಲೆ ತಲೆಯಿಟ್ಟು ನಕ್ಕಿದ್ದೆ. ಬಸ್ಸಿನಲ್ಲಿ ಅದನ್ನೆಲ್ಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು.

ಅವರು ನಂಬಲಿಲ್ಲ.